ಹೊಗೆ ಪರೀಕ್ಷೆಗೆ ಕಾರಿಗೆ ಸ್ನಾನ ಮಾಡಿಸಿದ್ದು

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ನಾನು ಮೊದಲು ನನ್ನ ಉಗುರು ನೋಡಿಕೊಳ್ಳುತ್ತೇನೆ. ಇದು ಕಾನ್ವೆಂಟಿನಲ್ಲಿ ಓದಿದವರ ಕಾಯಿಲೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಸಾಲಿನುದ್ದಕ್ಕೂ ಬಂದು ಉಗುರು, ಕರವಸ್ತ್ರ, ರಿಬ್ಬನ್ನಿನ ಗಂಟು ನೋಡುತ್ತಿದ್ದರು. ತಲೆಯೊಳಗೆ ಏನಿದೆ ಎಂದು ನೋಡುವ ಪರೀಕ್ಷೆ ವರ್ಷಕ್ಕೊಮ್ಮೆ, ಹೊರಗಿನದು ವಾರವಾರ. ಹೊರಗೆ ಶುಚಿಯಾಗಿದ್ದರೆ ಒಳಗಿನದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ ಎಂಬ ನಂಬಿಕೆ ಆಗಲೇ ನನ್ನಲ್ಲಿ ಬೇರುಬಿಟ್ಟಿತು. ಈ ನಂಬಿಕೆಯ ಮೇಲೆ ಇಪ್ಪತ್ತು ವರ್ಷದ ಸಂಸಾರ ಚೆನ್ನಾಗಿಯೇ ನಡೆದಿದೆ. ಕೈಕೊಟ್ಟಿದ್ದು ಕಾರು ಒಂದೇ.

ಕಾರು ನಮ್ಮದಲ್ಲ, ಕಂಪನಿಯದು. ನಮ್ಮ ಯಜಮಾನರು ಮಲಯಾಳ ನಾಡಿನ ಪುಲ್ಪಳ್ಳಿಯಲ್ಲಿ ಕಾಫಿ, ಕಾಳುಮೆಣಸು ಕೊಳ್ಳುವ ಒಂದು ಕಂಪನಿಯ ಮ್ಯಾನೇಜರು. ತೋಟಗಳಿಗೆ ಅವರು ಹೋಗುವುದು ಜೀಪಿನಲ್ಲಿ. ಕಾರು ಹೆಚ್ಚಿನ ದಿನ ಶೆಡ್ಡಿನಲ್ಲೇ ಇರುತ್ತದೆ. ಗುರುವಾರ ಮಾತ್ರ ನಾನು ಅದನ್ನು ಹೊರಗೆ ತೆಗೆಯುತ್ತೇನೆ. ಪೇಟೆಗೆ ಮೂರು ಕಿಲೋಮೀಟರ್. ಲೈಬ್ರರಿ, ತರಕಾರಿ, ಕೊನೆಗೆ ಬಸ್ ಸ್ಟ್ಯಾಂಡಿನ ಎದುರಿನ ಬೇಕರಿಯಲ್ಲಿ ಒಬ್ಬಳೇ ಕೂತು ಒಂದು ಚಹಾ, ಒಂದು ಬಾಳೆಹಣ್ಣಿನ ಬಜ್ಜಿ. ಅಮ್ಮಾ, ಅತ್ತಿಗೆ, ಲೇ ಎಂದು ಯಾರೂ ಕರೆಯದ ಒಂದು ಗಂಟೆ. ರಾಣಿಯರಿಗೆ ರಾಜ್ಯವಿರುತ್ತದಂತೆ, ನನಗೆ ಗುರುವಾರ ಇದೆ.

ಆ ಗುರುವಾರಕ್ಕೇ ಕುತ್ತು ತರುವ ಹಾಗೆ ಒಂದು ದಿನ ಕಂಪನಿಯಿಂದ ಕಾಗದ ಬಂತು. ಹೊಸ ನಿಯಮದ ಹೊಗೆ ಪರೀಕ್ಷೆಯಲ್ಲಿ ಪಾಸಾಗದ ಕಾರುಗಳನ್ನು ತಿಂಗಳ ಕೊನೆಯೊಳಗೆ ಹಿಂದಿರುಗಿಸಬೇಕು, ಬದಲಿಗೆ ದೊಡ್ಡ ಕಾರು ಕೊಡಲಾಗುವುದು. ನಾನು ಖುಷಿಪಟ್ಟೆ. ಯಜಮಾನರು ಕನ್ನಡಕ ತೆಗೆದು ಹಣೆ ಒರೆಸಿಕೊಂಡರು.

"ದೊಡ್ಡ ಎಂಜಿನ್ನು ಅಂದ್ರೆ ದೊಡ್ಡ ತೆರಿಗೆ ಕಣೇ. ಕಂಪನಿ ಕಾರನ್ನ ಮನೆಗೆ ಬಳಸಿದ್ರೆ ಅದೂ ಸಂಬಳದ ಲೆಕ್ಕಕ್ಕೇ ಸೇರುತ್ತೆ. ಬೇಡವೇ ಬೇಡ ಅಂತ ಬರೆದುಬಿಡ್ತೀನಿ. ನನಗೆ ಜೀಪಿದೆ."

"ನನಗೆ?"

"ವಾರಕ್ಕೊಂದು ಸಲ ತಾನೇ? ಬಸ್ಸಿದೆಯಲ್ಲ."

ಬಸ್ಸಿದೆ, ನಿಜ. ಆದರೆ ಬಸ್ಸಿನಲ್ಲಿ ಊರಿನ ಅರ್ಧ ಜನ ಜೊತೆಗೇ ಬರುತ್ತಾರೆ. ಅತ್ತೆಯ ಮಂಡಿನೋವಿನಿಂದ ಹಿಡಿದು ಮಗಳ ಮಾರ್ಕಿನವರೆಗೆ ಎಲ್ಲಕ್ಕೂ ಉತ್ತರ ಹೇಳಿ, ಅವರಿಗೂ ಚಹಾ ಹೇಳಿ ಬರಬೇಕು. ಇದನ್ನು ಗಂಡಸರಿಗೆ ವಿವರಿಸುವುದು ಹೇಗೆ? "ಸರಿ ರೀ" ಎಂದೆ. ಸಿಸ್ಟರ್ ಕಲಿಸಿದ್ದು ಅದೇ.

ಮನಸ್ಸು ತಡೆಯದೆ ನನ್ನ ಕ್ಲಾಸ್‌ಮೇಟ್ ಲೀನಾಗೆ ಫೋನ್ ಮಾಡಿದೆ. ಅವಳೀಗ ಇಂಗ್ಲೆಂಡಿನಲ್ಲಿ ನರ್ಸು. "ನಿಮ್ಮಲ್ಲಿ ಎಂಜಿನ್ನಿನ ಅಳತೆ ನೋಡಿ ತೆರಿಗೆಯಾ? ಪುಣ್ಯವಂತರು! ಇಲ್ಲಿ ಹೊಗೆ ನೋಡಿ ತೆರಿಗೆ. ನಮ್ಮವರಿಗೂ ಆಫೀಸಿನ ಕಾರೇ. ಹೊಗೆ ಅಳೆಯುವ ಪರೀಕ್ಷೆಯನ್ನೇ ಬದಲಾಯಿಸಿಬಿಟ್ಟರು ಮಾರಾಯ್ತಿ. ಅದೇ ಮಾಡೆಲ್, ಅದೇ ಎಂಜಿನ್, ಹೊಸ ಪರೀಕ್ಷೆಯಲ್ಲಿ ಹೊಗೆ ಜಾಸ್ತಿ ಅಂತ ಬಂತು, ತೆರಿಗೆಯೂ ಏರಿತು" ಎಂದಳು. ಕಾರು ಬದಲಾಗಲಿಲ್ಲ, ತಕ್ಕಡಿ ಬದಲಾಯಿತು. ಎಂಟನೇ ಕ್ಲಾಸಿನಲ್ಲಿ ಹೊಸ ಹೆಡ್‌ಮಿಸ್ಟ್ರೆಸ್ ಬಂದು, ಅಲ್ಲಿಯವರೆಗೆ ಜಾಣೆಯೆನಿಸಿಕೊಂಡಿದ್ದ ಲೀನಾ ಒಂದೇ ವಾರದಲ್ಲಿ ಬಾಯಿಬಡುಕಿಯಾಗಿದ್ದು ನೆನಪಾಯಿತು. ಅಲ್ಲಿ ಹೊಗೆ ಹೆಚ್ಚಾದರೆ ತೆರಿಗೆ ಹೆಚ್ಚು. ನಮ್ಮಲ್ಲಿ ಹೊಗೆ ಹೆಚ್ಚಾದರೆ ನನ್ನ ಗುರುವಾರ ಖೋತಾ.

ಮೊದಲು ಈ ಪರೀಕ್ಷೆ ಬಹಳ ಸುಲಭವಿತ್ತು. ಆಫೀಸಿನಿಂದ ಯಾರಿಗೋ ಕಾರಿನ ನಂಬರ್ ಹೇಳಿದರೆ ಸರ್ಟಿಫಿಕೇಟ್ ಬರುತ್ತಿತ್ತು. ಕಾರು ಶೆಡ್ಡಿನಲ್ಲಿ ನಿದ್ದೆ ಮಾಡುತ್ತಿರುವಾಗಲೇ ಪಾಸು. ಈಗ ಹಾಗಲ್ಲವಂತೆ. ಕಾರೇ ಹೋಗಬೇಕು, ಅಲ್ಲೇ ಫೋಟೋ ತೆಗೆಯಬೇಕು. ಫೋಟೋ ಎಂದ ಕೂಡಲೇ ನನಗೆ ಎಲ್ಲವೂ ಅರ್ಥವಾದಂತಾಯಿತು. ಹಿಂದಿನ ದಿನ ಕೂತು ಕಾರನ್ನು ಮೂರು ನೀರಿನಲ್ಲಿ ತೊಳೆದೆ. ಹಿಂದೆ ಹೊಗೆ ಬರುವ ಕೊಳವೆಯ ಬಾಯನ್ನು ಹುಣಿಸೆಹಣ್ಣು ಹಾಕಿ, ತೆಂಗಿನ ನಾರಿನಿಂದ ತಿಕ್ಕಿದೆ. ದೇವರ ಮನೆಯ ದೀಪದ ಹಾಗೆ ಹೊಳೆಯಿತು. ಯಜಮಾನರು ವರಾಂಡದಿಂದ ನೋಡಿ, "ಕುಂಕುಮವನ್ನೂ ಇಟ್ಟುಬಿಡು" ಎಂದರು. ಅಣಕಿಸಿದ್ದೆಂದು ನನಗೆ ಗೊತ್ತಾಗಿದ್ದು ಇಟ್ಟ ಮೇಲೆ.

ಹೊಗೆ ಪರೀಕ್ಷೆ ಮಾಡುವವಳು ಬಿಂದು ಎಂಬ ಹುಡುಗಿ. ಪೆಟ್ರೋಲ್ ಬಂಕಿನ ಪಕ್ಕ ಒಂದು ಸಣ್ಣ ಶೆಡ್ಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಾಳೆ. ಅವಳ ಅಮ್ಮ ಹೊಳೆಯಾಚೆ, ಕನ್ನಡದ ಕಡೆಯ ಬೈರಕುಪ್ಪೆಯವರು. ಹಾಗಾಗಿ ನನ್ನ ಜೊತೆ ಅವಳದು ಅರ್ಧ ಕನ್ನಡ, ಅರ್ಧ ಮಲಯಾಳ. ನಾನು ಅವಳಿಗೆ ಚೇಚಿ, ಅಂದರೆ ಅಕ್ಕ. ಕೊಳವೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಇದೇನು ಚೇಚಿ, ಮೀನು ಚಟ್ಟಿಯಾ, ಇಷ್ಟು ತಿಕ್ಕೋಕೆ? ನಾನು ನೋಡೋದು ಉಳ್ಳಿನದು, ಒಳಗಿನದು!"

ಕೊಳವೆಯೊಳಗೆ ಉದ್ದನೆಯ ಕಡ್ಡಿ ಇಳಿಸಿ, ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ, "ಸ್ಟಾರ್ಟ್ ಮಾಡಿ. ಈಗ ಚವಿಟ್ಟಿ" ಎಂದಳು. ನಾನು ಆಕ್ಸಿಲರೇಟರ್ ಅನ್ನು ಇರುವೆ ಸಾಯದ ಹಾಗೆ ಒತ್ತಿದೆ.

"ಇನ್ನೂ ಚವಿಟ್ಟಿ ಚೇಚಿ, ಅದಕ್ಕೆ ನೋವಾಗಲ್ಲ!"

ಕಂಪ್ಯೂಟರಿನ ಪರದೆ ಕೆಂಪಾಯಿತು. ಫೇಲ್. ನನ್ನ ಕಾರಿನ ಹಣೆಯಲ್ಲಿ ಕುಂಕುಮ ಬೇರೆ.

"ಈ ವಂಡಿ ಯಾವತ್ತಾದರೂ ಕೂಗಿದ್ದುಂಟಾ?" ಎಂದು ಬಿಂದು ಕಾರನ್ನು ತಟ್ಟಿ ಕೇಳಿದಳು.

"ಕೂಗೋಕೆ ನಾನು ಬಿಟ್ಟಿಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಎಂಜಿನ್ ಗುರ್ ಎಂದರೆ ಸಾಕು, ಮೇಲಿನ ಗೇರಿಗೆ ಹಾಕಿಬಿಡುತ್ತೇನೆ. ಸದ್ದು ಮಾಡುವುದು ಸಭ್ಯತೆಯಲ್ಲ.

"ಅದೇ ಕೇಡು. ವಾರಕ್ಕೊಂದು ಸಲ ಮೂರು ಕಿಲೋಮೀಟರ್, ಅದೂ ಮೆಲ್ಲ ಮೆಲ್ಲ. ಒಳಗೆಲ್ಲಾ ಕರಿ ಹಿಡಿದಿದೆ. ಕಲ್ಪೆಟ್ಟದವರೆಗೆ ಹೋಗಿ ಬನ್ನಿ. ಏರಿನಲ್ಲಿ ಗೇರು ಇಳಿಸಿ, ಅದು ಚೆನ್ನಾಗಿ ಅರಚಲಿ. ಬಿಸಿಯಿರುವಾಗಲೇ ಇಲ್ಲಿಗೆ ತನ್ನಿ."

ಸುದ್ದಿ ಕೇಳಿ ಯಜಮಾನರು ಆಫೀಸಿನಿಂದ ಬಂದು ಪಕ್ಕದ ಸೀಟಿನಲ್ಲಿ ಕೂತರು. ಅವರು ಪಕ್ಕದಲ್ಲಿದ್ದರೆ ಕಾರಿಗೆ ಎರಡು ಬ್ರೇಕು. ಒಂದು ನನ್ನ ಕಾಲಡಿ, ಇನ್ನೊಂದು ಅವರ ಬಾಯಲ್ಲಿ. ಕೇಣಿಚ್ಚಿರದವರೆಗೆ "ನಿಧಾನ, ನಿಧಾನ" ನಡೆಯಿತು. "ನಿಧಾನ ಮಾಡಿಯೇ ಫೇಲಾದದ್ದು ರೀ" ಎಂದೆ. ಮೀನಂಗಾಡಿ ದಾಟಿ ಹೆದ್ದಾರಿ ಸೇರಿದಾಗ ಮೊದಲ ಏರಿನಲ್ಲಿ ಗೇರು ಇಳಿಸಿ ಕಾಲು ಊರಿದೆ. ಆ ಕಾರಿಗೆ ಅಂಥ ದನಿಯಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಿಂದಿನಿಂದ ಕಪ್ಪು ಮೋಡದಂಥದ್ದೊಂದು ಎದ್ದು, ತೆಳ್ಳಗಾಗಿ, ಮಾಯವಾಯಿತು. ಅಷ್ಟರಲ್ಲಿ ಒಂದು ಪ್ರೈವೇಟ್ ಬಸ್ಸು ತಿರುವಿನಲ್ಲೇ ನುಗ್ಗಿ, ಹಾರ್ನ್ ಬಾರಿಸುತ್ತಾ ನಮ್ಮನ್ನು ಅಂಚಿಗೆ ಒತ್ತಿತು. ಬೇರೆ ದಿನವಾಗಿದ್ದರೆ ಚರಂಡಿಯ ಪಕ್ಕ ನಿಲ್ಲಿಸಿ "ಸಾರಿ" ಎನ್ನುತ್ತಿದ್ದೆ. ಈ ದಿನ ಯಾರೋ ಹೆಂಗಸು, "ಕಣ್ಣು ಕಾಣಿಲ್ಲೇಡೋ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದಳು. ಕಾರಿನಲ್ಲಿ ಇದ್ದ ಹೆಂಗಸು ನಾನೊಬ್ಬಳೇ. ಯಜಮಾನರು ನೆತ್ತಿಯ ಮೇಲಿನ ಹಿಡಿ ಹಿಡಿದುಕೊಂಡರು. ಕಲ್ಪೆಟ್ಟ ಮುಟ್ಟಿ ಪುಲ್ಪಳ್ಳಿಗೆ ವಾಪಸ್ಸು ಬರುವವರೆಗೆ ಅದನ್ನು ಬಿಡಲಿಲ್ಲ.

ಪಾಸಾಯಿತು. ಬಿಂದು ಸರ್ಟಿಫಿಕೇಟ್ ಕೈಗಿಟ್ಟು, "ಒಂದು ವರ್ಷಕ್ಕೆ ಇದು. ಆದರೆ ವಾರಕ್ಕೊಂದು ಸಲ ಕಲ್ಪೆಟ್ಟದವರೆಗೆ ಓಡಿಸಲೇಬೇಕು, ಅಲ್ಲದಿದ್ದರೆ ಪಿನ್ನೆಯೂ, ಮತ್ತೂ ಕರಿ ಹಿಡಿಯುತ್ತೆ, ಕೇಟೋ" ಎಂದಳು. ನಾನು ಔಷಧಿಯ ಚೀಟಿ ತೆಗೆದುಕೊಳ್ಳುವಷ್ಟು ಭಕ್ತಿಯಿಂದ ತಲೆಯಾಡಿಸಿದೆ. ಮೂರು ಕಿಲೋಮೀಟರಿನ ನನ್ನ ರಾಜ್ಯ ಒಮ್ಮೆಲೇ ಜಿಲ್ಲಾ ಕೇಂದ್ರವಾದ ಕಲ್ಪೆಟ್ಟದವರೆಗೆ ಹಬ್ಬಿತ್ತು.

ಯಜಮಾನರು ಕಾರಿನ ಲಾಗ್‌ಬುಕ್ ತೆರೆದು ಪೆನ್ನು ಹಿಡಿದು ಕೂತರು. "ಉದ್ದೇಶ ಅಂತ ಇದೆ. ಕಂಪನಿ ಕೆಲಸ ಅಂತ ಬರೆದ್ರೆ ಸುಳ್ಳು, ಸ್ವಂತ ಕೆಲಸ ಅಂದ್ರೆ ತೆರಿಗೆ. ಏನು ಬರೆಯಲೇ?"

"ಕರಿ ಬಿಡಿಸಲು ಅಂತ ಬರೀರಿ" ಎಂದೆ. ಸುಳ್ಳಲ್ಲವಲ್ಲ.

ಅವರು ಬರೆದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ಯಾರದ್ದು?" ಎಂದು ಕೇಳಿದರು.

ನನ್ನ ಬೀರುವಿನಲ್ಲಿ ಇಸ್ತ್ರಿ ಸೀರೆಗಳ ಕೆಳಗೆ ಸಿಸ್ಟರ್ ಕೊಟ್ಟ ನಡತೆಯ ಸರ್ಟಿಫಿಕೇಟ್ ಇದೆ: ಮೆಲುದನಿಯ ಹುಡುಗಿ, ಹೇಳಿದ ಮಾತು ಕೇಳುವವಳು. ಅಂದು ರಾತ್ರಿ ಅಡುಗೆಯಾದ ಮೇಲೆ ತೆಗೆದು ನೋಡಿದೆ. ಅದರಲ್ಲಿ ಎಲ್ಲವೂ ಇತ್ತು, ಎಷ್ಟು ವರ್ಷಕ್ಕೆ ಎಂಬುದೊಂದೇ ಬರೆದಿರಲಿಲ್ಲ.