ಮಳಿ ಎಷ್ಟು ಬೇಕು?

ನಮ್ಮ ಅತ್ತೆಯಂಥ ಮನೆ ಮಾಲಕಿ ಇಡೀ ಶಹಾಬಾದಿನಲ್ಲಿ ಇನ್ನೊಬ್ಬಳಿಲ್ಲ. ಇದ್ದಿದ್ದರೆ ಊರಿನ ಮಿಕ್ಕ ಮಾಲಕರೆಲ್ಲ ಒಂದಾಗಿ ಇಬ್ಬರನ್ನೂ ಕಾಗಿಣಾ ಹೊಳೆ ದಾಟಿಸಿ ಬಿಟ್ಟುಬರುತ್ತಿದ್ದರು!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಸರಕಾರಿ ನರ್ಸ್ ಆಗಿದ್ದವಳು. ಮದುವೆಯ ಮಾತು ಬಂದಾಗೆಲ್ಲ ಆಕೆಗೆ ವರ್ಗಾವಣೆಯ ಆರ್ಡರೂ ಬರುತ್ತಿತ್ತಂತೆ. ಹೀಗಾಗಿ ಮದುವೆ ಹಿಂದುಳಿಯಿತು, ಅತ್ತೆ ಮುಂದೆ ಮುಂದೆ ಹೋದಳು. ಚಿಮ್ಮನಚೋಡ, ಕುರಕುಂಟಾ, ಸನ್ನತಿ, ಎಲ್ಲಿ ಹೋದರೂ ಬಾಡಿಗೆ ಮನೆ, ಎಲ್ಲಿ ಹೋದರೂ ಮಾಲಕರದು ಒಂದೇ ಮಂತ್ರ: "ಗ್ವಾಡಿಗಿ ಮಳಿ ಹೊಡೀಬ್ಯಾಡ್ರಿ!" ನಮ್ಮ ಕಡೆಯ ಬಾಯಲ್ಲಿ ಮೊಳೆ ಎಂಬುದು ಮಳಿಯಾಗುತ್ತದೆ. ಆಕಾಶದಿಂದ ಬೀಳುವುದೂ ಮಳಿಯೇ. ಯಾವುದು ಯಾವುದೆಂದು ತಿಳಿಯುವುದು ಕೇಳುವವರ ಪುಣ್ಯ. ಮೊಳೆಯಿಲ್ಲದ ಗೋಡೆಗಳ ನಡುವೆ ಕನ್ನಡಿಯನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ತಲೆ ಬಾಚಿದ್ದರಿಂದಲೇ ತನ್ನ ಬೈತಲೆ ಜೀವನವಿಡೀ ಸೊಟ್ಟಗಾಯಿತು ಎಂಬುದು ಅತ್ತೆಯ ದೂರು.

ನಿವೃತ್ತಿಯಾದ ಮೇಲೆ ಚಿತ್ತಾಪುರದ ನಮ್ಮ ಮನೆಗೆ ಬಂದಳು. ಜನ ಬಂಗಾರ ಕೊಳ್ಳು ಎಂದರು, ಬ್ಯಾಂಕಿನಲ್ಲಿಡು ಎಂದರು. ಅತ್ತೆ ಬಂದ ದುಡ್ಡನ್ನೆಲ್ಲ ಸುರಿದು ಶಹಾಬಾದಿನಲ್ಲಿ ಎರಡು ಖೋಲಿಯ ಒಂದು ಹಳೇ ಮನೆ ಕೊಂಡಳು. ನೆಲವೂ ಕಲ್ಲು, ಗೋಡೆಯೂ ಕಲ್ಲು, ಮರದ ತೊಲೆಗಳ ಮೇಲೆ ಛಾವಣಿಯೂ ಕಲ್ಲು!

"ಇನ್ನು ಮ್ಯಾಲ ನಾನೂ ಮಾಲಕಿ! ಕಿರಾಯಿಗಿ ಕೊಡ್ತೀನಿ," ಎಂದಳು. ಪ್ರತಿ ರವಿವಾರ ಬಸ್ಸು ಹತ್ತಿ, ಬಾಗಿಲು ತೆರೆದು, ಮನೆ ನೋಡಲು ಬರುವವರಿಗಾಗಿ ಕಾಯುವುದು ನಮ್ಮಿಬ್ಬರ ಕೆಲಸವಾಯಿತು.

ಮೊದಲು ಬಂದವರು ಸೇಡಂ ಕಡೆಯ ಒಬ್ಬ ಗುಮಾಸ್ತರು. ಬೇರೆ ಮಾಲಕರಾಗಿದ್ದರೆ ಯಾವ ಊರು, ಯಾವ ಮಂದಿ, ಪಗಾರ ಎಷ್ಟು ಎಂದು ಅವರ ಜಾತಕವನ್ನೇ ಜಾಲಾಡುತ್ತಿದ್ದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಮಳಿ ಎಷ್ಟು ಬೇಕ್ರಿ ನಿಮಗ?"

ಗುಮಾಸ್ತರು ಗಾಬರಿಯಾಗಿ ಛಾವಣಿ ನೋಡಿದರು. "ಯಾಕ್ರಿ ಅಕ್ಕಾರ, ಮನಿ ಸೋರ್ತದೇನ್ರಿ?"

"ಅಂಜಬ್ಯಾಡ್ರಿ. ಎಷ್ಟು ಬೇಕು ಹೇಳ್ರಿ, ನಾನೇ ತರಸ್ತೀನಿ!"

ಮಳೆ ತರಿಸುವ ಹೆಂಗಸನ್ನು ಕಂಡು ಆ ಮನುಷ್ಯ ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಟುಹೋದರು.

ಅವರು ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಮರುವಾರ ಅತ್ತೆ ತಾನೇ ಒಂದು ಮೊಳೆ ಹೊಡೆದು ನೋಡಿದಳು. ಶಹಾಬಾದಿನ ಕಲ್ಲು ಕೇಳಬೇಕಲ್ಲ! ಮೊಳೆ ಸೊಟ್ಟಗಾಯಿತು, ಅತ್ತೆಯ ಹೆಬ್ಬೆರಳು ಊದಿತು. ಸೋಲುವ ಜೀವವೇ ಅದು? ಗೌಂಡಿಯನ್ನು ಕರೆಸಿ, ಕಲ್ಲಿನ ಸಂದುಗಳನ್ನು ಕೆತ್ತಿಸಿ, ಗೋಡೆಗಳ ತುಂಬ ಸಾಗವಾನಿ ಗೂಟ ಹೊಡೆಸಿದಳು. ಹಿಂದಿನ ಖೋಲಿಯ ತೊಲೆಗೆ ಒಂದು ಕಬ್ಬಿಣದ ಕೊಂಡಿಯನ್ನೂ ಹಾಕಿಸಿದಳು. ಕರೆಂಟಿನವನು ಅಲ್ಲಿ ಫ್ಯಾನು ತೂಗುಹಾಕಲು ಹೋದರೆ "ಅಲ್ಲಿ ಬ್ಯಾಡ, ಬಾಜೂಕ ಹಾಕು," ಎಂದು ಗದರಿಸಿದಳು. ಹೋದಾಗಲೆಲ್ಲ ಸ್ಟೂಲು ಹತ್ತಿ ಆ ಕೊಂಡಿಗೆ ಎಣ್ಣೆ ಬಿಡುವುದು ಬೇರೆ! ಹತ್ತುವಾಗ ಮೊಣಕಾಲು ಲಟಕ್ ಎನ್ನುತ್ತಿತ್ತು. "ಅತ್ತಿ, ವಾಡಿ ಜಂಕ್ಷನ್ನಿನಾಗ ಗಾಡಿ ಹಳಿ ಬದಲ್ ಮಾಡ್ದಂಗ ಆಯ್ತು ನೋಡು," ಎಂದು ನಾನು ಪ್ರತಿಸಲವೂ ಚೇಷ್ಟೆ ಮಾಡುತ್ತಿದ್ದೆ.

ಗೂಟದ ಸುದ್ದಿ ಕೇಳಿ ಅಪ್ಪ ತಲೆ ಚಚ್ಚಿಕೊಂಡ. "ಅಕ್ಕಾ, ಬಾಡಿಗಿದಾರ ಗೂಟ ಹೊಡಕೊಂಡು ಕುಂತ್ರ ಏನು ಗತಿ ಅಂತ ಮಂದಿ ಅಂಜ್ತಾರ. ನೀ ನಿನ್ನ ಕೈಲೇ ಗೂಟ ಹೊಡದು ಕೊಡಾಕತ್ತಿ ಅಲ್ಲ!"

"ಕುಂದ್ರಲಿ ಬಿಡೋ," ಎಂದಳು ಅತ್ತೆ. "ನನಗ ಎಲ್ಲೂ ಕುಂದ್ರಲಿಕ್ಕ ಬಿಡಲಿಲ್ಲ."

ಆಮೇಲೆ ಗಂಡಹೆಂಡತಿ ಇಬ್ಬರು ಶಿಕ್ಷಕರು ಬಂದರು. ಅನುಭವಸ್ಥರು, ಹತ್ತು ಮನೆಯ ನೀರು ಕುಡಿದವರು.

"ಹೊತ್ತು ಮುಣಗಿದ ಮ್ಯಾಲ ಖಾರಾ ಕುಟ್ಟಬಹುದೇನ್ರಿ?"

"ಕುಟ್ರಿ."

"ಬೀಗರು ಬಂದ್ರ?"

"ಎಂಟು ದಿನಾ ಇಟಗೋರಿ."

"ಅಡಗಿ ಅದು ಇದು..."

"ನಿಮ್ಮ ಒಲಿ, ನಿಮ್ಮ ಗಡಿಗಿ. ನನಗ್ಯಾಕ ಕೇಳ್ತೀರಿ?"

ಹೆಂಡತಿ ಗಂಡನ ತೋಳು ಹಿಡಿದೆಳೆದು ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ಎಲ್ಲಾದಕ್ಕೂ ಹೂಂ ಅನ್ನಾಕತ್ತಾಳ. ಈ ಮನ್ಯಾಗ ಏನೋ ಅದ. ನಡೀರಿ!"

ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಆ 'ಏನೋ' ದೆವ್ವವಾಗಿತ್ತು. ಅದು ತೊಲೆಯ ಕೊಂಡಿಗೆ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ಜೋತಾಡುತ್ತದಂತೆ! ಒಳ್ಳೇ ಮಾಲಕಿಯನ್ನು ನಂಬುವುದಕ್ಕಿಂತ ದೆವ್ವವನ್ನು ನಂಬುವುದು ಜನಕ್ಕೆ ಸುಲಭ ನೋಡಿ.

"ಅತ್ತಿ, ಒಂದಕ್ಕಾದ್ರೂ ಬ್ಯಾಡ ಅನ್ನು. ಆಗ ಮಂದಿಗಿ ಧೈರ್ಯ ಬರ್ತದ," ಎಂದೆ. ಆಕೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ, ಚಿತ್ತಾಪುರ ಬಂದಾಗ ಒಂದು ಕಾನೂನು ಮಾಡಿದಳು: "ಹಬ್ಬಕ್ಕ ಹೋಳಿಗಿ ಮಾಡಿದ್ರ ನನ್ನ ಬಿಟ್ಟು ತಿನ್ನಬಾರದು."

ತಿಂಗಳುಗಳು ಉರುಳಿದರೂ ಮನೆ ಖಾಲಿ. ಕೊನೆಗೆ ಅಪ್ಪ ಹೇಳಿಯೇಬಿಟ್ಟ: "ಯುಗಾದಿ ತನಕ ನೋಡೂಣು, ಅಕ್ಕಾ. ಆಮ್ಯಾಲ ಮಾರಿಬಿಡೂಣು. ಕಲ್ಲಿನ ವ್ಯಾಪಾರಿ ಗೋದಾಮಿಗಿ ಕೇಳಾಕತ್ತಾನ." ಅತ್ತೆ ಒಪ್ಪಿಕೊಂಡಳು. ಅವತ್ತು ಆಕೆ ರೊಟ್ಟಿ ಮುರಿದಿಟ್ಟು ಹಾಗೇ ಎದ್ದುಬಿಟ್ಟಳು.

ಯುಗಾದಿಗೆ ಮುಂಚಿನ ರವಿವಾರ ಒಂದು ಜೋಡಿ ಬಂತು. ಹುಡುಗ ವಾಡಿ ಕಡೆ ವೆಲ್ಡಿಂಗ್ ಕೆಲಸದವನು. ಹುಡುಗಿ ಚಿಂಚೋಳಿ ಗಡಿಯವಳು, ತುಂಬು ಬಸುರಿ. ಹೊಸ್ತಿಲ ಹೊರಗೇ ನಿಂತು ಅವಳೇ ಮೊದಲು ಹೇಳಿದಳು.

"ಅಮ್ಮಾ, ಮೊದಲೇ ಹೇಳ್ತೀನ್ರಿ. ತವರಿನಾಗ ಅವ್ವ ಇಲ್ಲ. ಬಾಣಂತನ ಇಲ್ಲೇ ಆಗಬೇಕು. ನೀರು ಭಾಳ ಬೇಕಾಗ್ತದ, ಕೂಸು ಅಳ್ತದ ಅಂತ ಎಲ್ಲಾರೂ ಒಲ್ಲೆ ಅಂದ್ರು. ನೀವೂ ಒಲ್ಲೆ ಅನ್ನೋದಿದ್ರ ಈಗೇ ಅಂದುಬಿಡ್ರಿ, ನನಗ ನಿಲ್ಲಲಿಕ್ಕ ಆಗವಲ್ದು."

ಅತ್ತೆ ಅವಳ ಕೈ ಹಿಡಿದು ಹಿಂದಿನ ಖೋಲಿಗೆ ಕರೆದುಕೊಂಡು ಹೋಗಿ ಬೆರಳೆತ್ತಿ ಮೇಲೆ ತೋರಿಸಿದಳು.

ಹುಡುಗ ಕತ್ತೆತ್ತಿ ಕೇಳಿದ: "ಸೋರ್ತದೇನ್ರಿ?"

"ಸೋರಂಗಿಲ್ಲೋ ಮಾರಾಯಾ! ಕೊಂಡಿ ನೋಡು, ಕೊಂಡಿ! ತೊಟ್ಟಲಾ ಕಟ್ಟಲಿಕ್ಕ!"

ಹುಡುಗಿ ಅಲ್ಲೇ ಗೋಡೆಗೆ ಆತು ಅತ್ತುಬಿಟ್ಟಳು. ಕೈಚೀಲವನ್ನು ಮಾತ್ರ ಅಳುತ್ತಲೇ ಒಂದು ಗೂಟಕ್ಕೆ ಸಿಕ್ಕಿಸಿದಳು. ಮನೆ ತುಂಬಿತು!

ಹೆರಿಗೆ ಆಸ್ಪತ್ರೆಯಲ್ಲಾಯಿತು. ಬಾಣಂತನಕ್ಕೆ ಮಾಲಕಿಯೇ ಹೋಗಿ ಠಿಕಾಣಿ ಹೂಡಿದಳು. ಬಾಡಿಗೆದಾರಳಿಗೆ ಬಿಸಿನೀರು ಕಾಯಿಸಿಕೊಡುವ ಮಾಲಕಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಕೂಸಿಗೆ ಹೆಸರಿಡುವ ದಿನ ನಾವೂ ಹೋದೆವು. ಕೊಂಡಿಯಲ್ಲಿ ತೊಟ್ಟಿಲು ತೂಗುತ್ತಿತ್ತು. ನಮ್ಮ ಊಟಕ್ಕೆ ಹೋಳಿಗೆಯಿತ್ತು, ಕಾನೂನೆಂದರೆ ಕಾನೂನು. ಅಪ್ಪ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಅಕ್ಕಾ, ಸೇಡಂನಾಗೂ ಒಂದು ಸಣ್ಣ ಮನಿ ಮಾರಾಟಕ್ಕದ ಅಂತ. ನೋಡಿ ಬರೂಣೇನು?" ಎಂದ! ದುಡ್ಡು ಎಲ್ಲಿಂದ ಬರುತ್ತದೆ ಎಂದು ಆಕೆಯೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ಊಟವಾದ ಮೇಲೆ ಅತ್ತೆ ಹಿಂದಿನ ಖೋಲಿಯಲ್ಲಿ ಕಾಲು ಚಾಚಿ ಕೂತಳು. ಲಟಕ್!

"ಗಾಡಿ ಹಳಿ ಬದಲ್ ಮಾಡ್ತು," ಎಂದೆ. "ಅದಿರಲಿ ಅತ್ತಿ, ಕೂಸಿಲ್ಲದ ಮನಿಗಿ ಮೊದಲೇ ಕೊಂಡಿ ಯಾಕ ಹಾಕಿಸಿದ್ದಿ?"

"ನಿಮ್ಮವ್ವಗ ವಿಷಮಜ್ವರ ಬಂದಿತ್ತು, ನೀ ಎಳೇ ಕೂಸು," ಎಂದಳು ತೊಟ್ಟಿಲನ್ನು ನೋಡುತ್ತ. "ನಿನ್ನ ಚಿಮ್ಮನಚೋಡಕ್ಕ ಕರಕೊಂಡು ಹೋದೆ. ತೊಟ್ಟಲಾ ಕಟ್ಟತೀನಿ ಅಂದ್ರ ಮಾಲಕ ಕೊಂಡಿ ಹಾಕಲಿಕ್ಕ ಬಿಡಲಿಲ್ಲ, ತೊಲಿ ಹಾಳಾಗ್ತದಂತ. ನೆಲದ ಮ್ಯಾಲ ಹಾಕಿದ್ರ ನೀ ಅಳೂದು ಬಿಡಲಿಲ್ಲ. ನಿಮ್ಮವ್ವ ಏಳೋತನಕ ಈ ಕಾಲ ಮ್ಯಾಲೇ ಹಾಕ್ಕೊಂಡು ತೂಗೀನಿ. ನನ್ನ ಮೊದಲ್ನೇ ಕಿರಾಯಿದಾರ ನೀನೇ! ಒಂದು ತಿಂಗಳದ್ದಾದ್ರೂ ಕಿರಾಯಿ ಕೊಟ್ಟಿಯೇನು?"

ಹತ್ತಿರ ಸರಿದು ಕೂತು ಆಕೆಯ ಮೊಣಕಾಲನ್ನು ಮೆಲ್ಲಗೆ ಒತ್ತತೊಡಗಿದೆ.

"ಸಾವಕಾಶ ಒತ್ತೋ," ಎಂದಳು ಅತ್ತೆ. "ಹಳೇ ತೊಟ್ಟಲಾ ಅದ."