ನಾಲ್ಕು ಜನ ನೋಡ್ತಾರೆ

ನಾಲ್ಕು ಜನ ನೋಡ್ತಾರೆ, ಏನಂದುಕೊಳ್ತಾರೋ ಅನ್ನೋ ಹೆದರಿಕೆ ನನಗೆ ಚಿಕ್ಕಂದಿನಿಂದ. ಅದರಿಂದ ಏನಾದರೊಂದು ಆಗ್ತಲೇ ಇರುತ್ತೆ. ಆದದ್ದನ್ನೆಲ್ಲ ಬೀದಿಗೆ ಹೇಳಿ ನಗಿಸುತ್ತಿದ್ದವಳು ನನ್ನ ಹೆಂಡತಿ. ಅವಳು ಹೋಗಿ ವರ್ಷವಾಯಿತು. ಈಗ ನಾನೇ ಹೇಳಬೇಕು.

ಬಸ್ಸು

ಕಾರಮಡೈ ದಾಟಿದರೆ ನಮ್ಮೂರು. ಕೂಗಿ ಹೇಳಿದರೆ ಮಾತ್ರ ಬಸ್ಸು ನಿಲ್ಲಿಸ್ತಾರೆ. ಕೂಗಿದರೆ ಎಲ್ಲರೂ ತಿರುಗಿ ನೋಡ್ತಾರೆ. ಅವಳಿದ್ದಾಗ ಒಂದು ಸಲ ಹಾಗೇ ಸುಮ್ಮನೆ ಕೂತೆ. ಕೊನೇ ಸ್ಟಾಪು ಮೆಟ್ಟುಪಾಳ್ಯಂನಲ್ಲಿ ಬಸ್ಸೇ ಖಾಲಿಯಾಯಿತು, ಇಳಿದೆ. ನಡೆದುಕೊಂಡು ವಾಪಸು ಬಂದೆ.

"ಎಲ್ಲೋಗಿದ್ರಿ ಇಷ್ಟೊತ್ತು?" ಅಂದಳು ಹೆಂಡತಿ.

"ಊಟಿ ಬೆಟ್ಟದ ರೈಲು ನೋಡಕ್ಕೆ."

"ನನ್ನ ಬಿಟ್ಟು ಒಬ್ಬರೇನಾ?" ಎರಡು ದಿನ ಮಾತು ಬಿಟ್ಟಳು.

ಆಮೇಲೂ ಕರೆದುಕೊಂಡು ಹೋಗಲಿಲ್ಲ.

ಎರಡು ಊಟ

ಮದುವೆಗೆ ಹೋಗಿ ತಪ್ಪಿ ಪಕ್ಕದ ಮಂಟಪದ ಪಂಕ್ತಿಯಲ್ಲಿ ಕೂತುಬಿಟ್ಟೆ. ಗೊತ್ತಾಗುವಾಗ ಎಲೆಗೆ ಅನ್ನ ಬಿದ್ದಿತ್ತು. ನಡುವೆ ಎದ್ದರೆ ಏನಂದಾರು? ಪಾಯಸದವರೆಗೂ ಉಂಡೆ. ಹೆಂಡತಿ ಹುಡುಕಿಕೊಂಡು ಬಂದು, "ಕರೆದವರ ಕಡೆ ಉಣ್ಣದಿದ್ದರೆ ಮುನಿಸು ಅಂತಾರೆ" ಅಂತ ಅಲ್ಲೂ ಕೂರಿಸಿದಳು. ಅಲ್ಲೂ ಉಂಡೆ. ಏಳಕ್ಕಾಗಲಿಲ್ಲ.

ಕೈ ಹಿಡಿದು ಎಬ್ಬಿಸುತ್ತಾ ಕೇಳಿದಳು: "ಆಚೆ ಬೀದೀಲಿ ಇನ್ನೊಂದು ಮದುವೆ ಐತೆ. ಅವರೇನೂ ಅಂದುಕೊಳ್ಳಲ್ವಾ?"

ಮಗ್ಗ

ಊರಿಗೆಲ್ಲ ಪವರ್‌ಲೂಮ್ ಬಂದರೂ ನಮ್ಮದು ಗುಂಡಿ ಮಗ್ಗ. ಅವಳು ತೀರಿಕೊಂಡ ಮೂರನೇ ದಿನ ಗಂಡಸರೆಲ್ಲ ಮನೆ ಮುಂದೆ ಬೆಂಚಿನ ಮೇಲೆ ಕೂತಿದ್ದರು. ನನಗೆ ಅಳು ಬಂತು. ಅಷ್ಟು ಜನರ ಮುಂದೆ ಹೇಗೆ ಅಳೋದು? ಒಳಗೆ ಹೋಗಿ ಮಗ್ಗದ ಗುಂಡಿಗೆ ಇಳಿದೆ. ಸದ್ದಿನಲ್ಲಿ ಅಳು ಮುಚ್ಚಿಹೋಗಲಿ ಅಂತ ಮಗ್ಗ ಬಡಿಯತೊಡಗಿದೆ. ಸೂತಕದ ಮನೆಯಲ್ಲಿ ಮಗ್ಗ ಮುಟ್ಟಬಾರದು. ಅದು ನೆನಪಾಗಲೇ ಇಲ್ಲ.

ಹೊರಗೆ ಶುರುವಾಯಿತು.

"ಬೂದಿ ಆರಿಲ್ಲ, ಮಗ್ಗಕ್ಕೆ ಕೂತ್ಕೊಂಡ್ನಲ್ಲಯ್ಯಾ!"

"ಕಲ್ಲು ಬಿಡು ಅವನು."

ನನ್ನ ಅತ್ತೆ, ಹೆಂಡತಿಯ ತಾಯಿ, ಬೈಯಕ್ಕೆ ಒಳಗೆ ಬಂದರು. ಅಳಿಯನಿಗೆ ನಮ್ಮ ಕಡೆ ಮಾಪಿಳ್ಳೆ ಅಂತಾರೆ; ಮದುವೆಯಾದಾಗಿನಿಂದ ಈ ಮಾಪಿಳ್ಳೆ ಎದುರು ನಿಂತು ಮಾತಾಡಿದವರಲ್ಲ. ಲಾಳಿ ನೋಡಿದರು. ಅದರಲ್ಲಿ ನೂಲೇ ಇಲ್ಲ. ನನ್ನ ಮುಖ ನೋಡಿದರು.

ಬಾಗಿಲಿಗೆ ಹೋಗಿ ಗಂಡಸರಿಗೆ, "ಹೌದ್ರಪ್ಪಾ, ಸೀರೆ ಅವಸರವಂತೆ. ಕಲ್ಲೇ ನಮ್ಮ ಮಾಪಿಳ್ಳೆ" ಅಂದರು.

ವಾಪಸು ಬಂದು ಗುಂಡಿಯ ಪಕ್ಕ ಕೂತರು. ಸೆರಗು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಹೇಳಿದರು: "ಇನ್ನೂ ಜೋರಾಗಿ ಬಡೀರಿ, ಮಾಪಿಳ್ಳೆ. ಅಳು ಆಚೆಗೆ ಕೇಳ್ತಾ ಐತೆ."