ಮಿರ್ಚಿ ಒಲೆಯ ಪಕ್ಕದ ದಾಖಲೆ

ಶಿಸ್ತು ಶಿಸ್ತು ಎನ್ನುವವನನ್ನೇ ಎಡವಟ್ಟುಗಳು ಹುಡುಕಿಕೊಂಡು ಬರುತ್ತವೆ. ಹರಿಹರದ ಕಾರ್ಖಾನೆಯೊಂದರ ಸ್ಟೋರ್ಸ್ ಅಧಿಕಾರಿಯಾಗಿದ್ದ ನನ್ನ ಬಳಿಗಂತೂ ಅವು ದಿನಾ ಹಾಜರಿ ಹಾಕಿಯೇ ಹೋಗುತ್ತಿದ್ದವು.

ಅದು ೧೯೯೯. ಇಸವಿಯ ಕೊನೆಯ ಎರಡೇ ಅಂಕಿ ಬರೆದುಕೊಳ್ಳುವ ಕಂಪ್ಯೂಟರುಗಳು, ಸೊನ್ನೆ ಸೊನ್ನೆ ಬಂದೊಡನೆ ಸಾವಿರದ ಒಂಬೈನೂರನೇ ಇಸವಿ ಎಂದುಕೊಂಡು ಕೆಡುತ್ತವೆ, ಲೋಕದ ಸರಕು ಸಾಗಣೆಯೇ ನಿಲ್ಲುತ್ತದೆ ಎಂದು ಎಲ್ಲೆಡೆ ಭಯ.

೧. ಹುಲ್ಲಿನ ಸಿದ್ಧತೆ

ನಮ್ಮ ಯಂತ್ರಗಳನ್ನು ಕೊಳ್ಳುವ ವಿದೇಶಿ ಕಂಪನಿ ಒಂದು ಫಾರಂ ಕಳಿಸಿತು. ನಮಗೆ ಸಾಮಾನು ಕೊಡುವ ಪ್ರತಿಯೊಬ್ಬರ ಸಿದ್ಧತೆಯನ್ನೂ ವಿಚಾರಿಸಿ ತುಂಬಬೇಕು. ಪ್ರತಿಯೊಬ್ಬರು ಎಂದರೆ ಪ್ರತಿಯೊಬ್ಬರು. ಪೆಟ್ಟಿಗೆಗೆ ತುಂಬುವ ಭತ್ತದ ಹುಲ್ಲು ಕೊಡುತ್ತಿದ್ದ ಕೊಂಡಜ್ಜಿಯ ರೈತರೊಬ್ಬರ ಬಳಿಗೂ ಹೋದೆ.

"ಜನವರಿ ಒಂದಕ್ಕೆ ಕಂಪ್ಯೂಟರ್ ನಿಂತರೆ ನಿಮ್ಮ ಸರಬರಾಜು ನಿಲ್ಲುತ್ತದೆಯೇ?"

"ನಮ್ದ್ಯಾಕ ನಿಲ್ತೈತ್ರಿ ಸಾಹೇಬ್ರ? ನಿಮ್ದು ನಿಲ್ಲಂಗಿದ್ರೆ ಈಗ್ಲೇ ಹೇಳಿಬಿಡ್ರಿ. ಎಮ್ಮೆ ಬಾಯಿ ತೆಕ್ಕಂಡು ನಿಂತಾವೆ."

ಇಡೀ ಫಾರಮ್ಮಿನಲ್ಲಿ ಪರ್ಯಾಯ ಗಿರಾಕಿಯನ್ನು ಗೊತ್ತುಮಾಡಿಕೊಂಡಿದ್ದವರು ಅವರೊಬ್ಬರೇ.

೨. ನನ್ನ ಆದೇಶ

ನಮ್ಮ ಸ್ಟೋರ್ ಕೀಪರ್ ಹಳಬರು. ಯಾವ ಸಾಮಾನು ಎಷ್ಟಿದೆ, ಯಾವ ರ‍್ಯಾಕಿನಲ್ಲಿದೆ ಎಂದು ಕಾರ್ಡುಗಳಲ್ಲಿ ಬರೆದಿಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ನಾನು ಆದೇಶ ಹೊರಡಿಸಿದೆ: ಕಾರ್ಡುಗಳು ಸ್ಟೋರ್ಸಿನಲ್ಲಿ ಕಾಣಕೂಡದು, ಕಂಪ್ಯೂಟರ್ ಚೀಟಿಯಿಲ್ಲದೆ ಒಂದು ಮೊಳೆಯೂ ಹೊರಗೆ ಹೋಗಕೂಡದು.

"ಆಯ್ತ್ರಿ ಸರ್" ಎಂದರು. ವಾದಿಸಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

೩. ನನ್ನ ಪರೀಕ್ಷೆ

ಡಿಸೆಂಬರಿನ ಒಂದು ಬೆಳಗ್ಗೆ, ಪರೀಕ್ಷಿಸಿಯೇ ಬಿಡೋಣವೆಂದು ಕಂಪ್ಯೂಟರಿನ ತಾರೀಖನ್ನು ಜನವರಿಗೆ ತಿರುಗಿಸಿದೆ. ಇನ್ನೂ ಏನನ್ನೂ ಕೊಂಡೇ ಇಲ್ಲ ಎಂದು ತೀರ್ಮಾನಿಸಿ ಅದು ದಾಸ್ತಾನೆಲ್ಲ ಸೊನ್ನೆ ಮಾಡಿತು. ತಾರೀಖು ಹಿಂದಕ್ಕಿಟ್ಟರೂ ಸೊನ್ನೆ ಸೊನ್ನೆಯೇ.

ಸಂಜೆ ನಾಲ್ಕಕ್ಕೆ ಮದ್ರಾಸಿನ ಹಡಗಿಗೆ ಲಾರಿ ಹೊರಡಬೇಕು. ತಪ್ಪಿದರೆ ಆರ್ಡರೇ ರದ್ದು, ಕಾರಣ ನಾನು. ಯಂತ್ರಕ್ಕೆ ಕೂರಿಸಬೇಕಾದ ಬೇರಿಂಗ್ ಯಾವ ರ‍್ಯಾಕಿನಲ್ಲಿದೆಯೋ ಗೊತ್ತಿಲ್ಲ. ದಾವಣಗೆರೆಯ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಆ ಅಳತೆಯದು ಇಲ್ಲ. ಹೇಗಾದರೂ ಹುಡುಕಿ ಕೊಡಿ ಎಂದು ಸ್ಟೋರ್ ಕೀಪರರನ್ನು ಬೇಡಿಕೊಂಡೆ.

"ಚೀಟಿ ಇಲ್ದೆ ಮೊಳೇನೂ ಹೋಗಬಾರ್ದು ಅಂದಿದ್ರಲ್ರಿ ಸರ್?" ಎಂದರು ಸ್ಟೋರ್ ಕೀಪರ್.

"ಆ ಆದೇಶ ರದ್ದು!"

"ಬರೆದು ಕೊಡ್ರಿ."

ಬರೆದು ಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡು, "ಕ್ಯಾಂಟೀನಿಗೆ ಬರ್ರಿ" ಎಂದರು.

"ಇದು ಚಹಾ ಕುಡಿಯುವ ಹೊತ್ತೇನ್ರಿ?"

"ಕಾರ್ಡು ಅಲ್ಲೈತ್ರಿ. ಸ್ಟೋರ್ಸಿನಾಗೆ ಕಾಣಬಾರ್ದು ಅಂದಿದ್ರಿ. ಕ್ಯಾಂಟೀನಿನ ಮಾತು ಆದೇಶದಾಗೆ ಇರಲಿಲ್ಲ."

ಮಿರ್ಚಿ ಬಜ್ಜಿ ಕರಿಯುವ ಒಲೆಯ ಪಕ್ಕ ಎರಡು ತಗಡಿನ ಡಬ್ಬಿ. ದಿನಾ ಚಹಾದ ಹೊತ್ತಿನಲ್ಲಿ ಕೂತು, ಹಿಂದಿನ ದಿನದ ತನಕ ಒಂದೂ ಬಿಡದೆ ಬರೆದಿಟ್ಟಿದ್ದರು. ಬೇರಿಂಗಿನ ಕಾರ್ಡು ಎಣ್ಣೆ ಕುಡಿದು ಗಾಜಿನಂತಾಗಿತ್ತು. ರ‍್ಯಾಕಿನ ನಂಬರು ಮಾತ್ರ ಸ್ಪಷ್ಟ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಲಾರಿ ಹೊರಟಿತು. ನಾನು ಅವರ ಕೈ ಹಿಡಿದುಕೊಂಡೆ. ಥ್ಯಾಂಕ್ಸ್ ಎಂದು ಕಣ್ಣು ಒರೆಸಿಕೊಂಡೆ. ಮಿರ್ಚಿಯ ಘಾಟು ಎಂದು ಇಬ್ಬರೂ ಒಪ್ಪಿಕೊಂಡೆವು.

೪. ಕೊನೆಯ ಕಲಂ

ಫಾರಮ್ಮಿನಲ್ಲಿ ಒಂದೇ ಪ್ರಶ್ನೆ ಉಳಿದಿತ್ತು: ಕಂಪ್ಯೂಟರ್ ಕೆಟ್ಟರೆ ಪರ್ಯಾಯ ದಾಖಲೆ ಎಲ್ಲಿದೆ, ಯಾರ ಹೊಣೆ? ಸುಳ್ಳು ಬರೆಯುವುದು ನನ್ನಿಂದಾಗದು. "ಕ್ಯಾಂಟೀನಿನಲ್ಲಿ, ಒಲೆಯ ಪಕ್ಕ. ಹೊಣೆ ನಮ್ಮ ಸ್ಟೋರ್ ಕೀಪರರದು, ಈ ಕಾರ್ಖಾನೆ ಅವರಿಗೆ ಋಣಿ" ಎಂದು ಬರೆದೆ.

ವಾರದೊಳಗೆ ಫ್ಯಾಕ್ಸ್ ಬಂತು: ಬಹಳ ಸಂತೋಷ. ದಾಖಲೆಗಳು ಬೆಂಕಿಯಿಂದ ದೂರವಿವೆಯೆಂದು ದಯವಿಟ್ಟು ಖಚಿತಪಡಿಸಿ.

ಸ್ಟೋರ್ ಕೀಪರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಗಂಭೀರವಾಗಿ ಯೋಚಿಸಿ ಹೇಳಿದರು: "ಮಧ್ಯಾಹ್ನ ಮೂರರ ತನಕ ದೂರ ಅದಾವೆ ಅಂತ ಬರೀರಿ ಸರ್. ಆಮೇಲೆ ಮಿರ್ಚಿ ಹಾಕ್ತಾರೆ."